ಕಹಳೆ ಅಲ್ಲಾಲನ ಕಾಲು ಮುರಿದಿದೆ

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅಲ್ಲಾಲ್ ತನ್ನ ಹೊದಿಕೆಯ ಮೇಲಿದ್ದ ಬೂತಾಯಿ ಮೀನುಗಳನ್ನು ಒಂದೊಂದಾಗಿ ಹೆಕ್ಕಿ ಮಂಚದ ಪಕ್ಕಕ್ಕೆ ಎಸೆಯತೊಡಗಿದ. ಹೊದಿಕೆಯ ಮೇಲೆ ಮೀನಿರಲಿಲ್ಲ.

ಸೀದಿ ಬೂಮ್ಹಾರ್ ಬಂದರಿನ ಆಸ್ಪತ್ರೆಯಲ್ಲಿ, ಗಂಡಸರ ಮೂಳೆ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆ ಅವನದು. ಎಡಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಶನಿವಾರ ಬೆಳಿಗ್ಗೆ ದೋಣಿಯಿಂದ ಕಟ್ಟೆಗೆ ಹತ್ತುವಾಗ ಕಬ್ಬಿಣದ ಏಣಿಯ ಮೇಲೆ ಕೈ ಜಾರಿ ಬಿದ್ದಿದ್ದ. ಮೂವತ್ತು ವರ್ಷದಿಂದ ಹತ್ತುತ್ತಿದ್ದ ಏಣಿ ಅದು. ಅಷ್ಟೂ ವರ್ಷ ಕುಡಿದೇ ಹತ್ತಿದ್ದ. ಬಿದ್ದದ್ದು ಮಾತ್ರ ಕುಡಿಯದೆ ಇದ್ದಾಗ. ಈ ಸಂಗತಿ ಬಂದರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಎರಡೂ ಕೈಗೆ ಪಟ್ಟಿ ಹಾಕಿಸಿಕೊಂಡ ಲಾರಿ ಡ್ರೈವರ್ ಒಬ್ಬನಿದ್ದ. ಅವನು ಸ್ವಲ್ಪ ಹೊತ್ತು ನೋಡಿ, ಕಿಲೋ ಹೇಗೆ ಕೊಟ್ಟೆ ಎಂದು ಕೇಳಿದ. ಅಲ್ಲಾಲ್ ಗಂಭೀರವಾಗಿ, ಇವತ್ತಿನ ಮೀನು ಚೆನ್ನಾಗಿಲ್ಲ, ನಾಳೆ ಬಾ ಎಂದ. ಅವನ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಕೈಗಳು ಮಣಿಕಟ್ಟಿನಿಂದ ಕೆಳಗೆ ನಿಲ್ಲದೆ ನಡುಗುತ್ತಿದ್ದವು. ಡ್ರೈವರ್ ಮತ್ತೆ ತಮಾಷೆ ಮಾಡಲಿಲ್ಲ, ನರ್ಸನ್ನು ಕರೆದ.

ಅಲ್ಲಾಲ್ ಹಳೇ ಊರಿನ ಕಹಳೆಯವನು. ರಂಜಾನ್ ತಿಂಗಳಿಡೀ, ಉಪವಾಸಕ್ಕೆ ಮುಂಚಿನ ಊಟಕ್ಕೆ ಜನರನ್ನು ಎಬ್ಬಿಸಲು ಓಣಿ ಓಣಿ ಸುತ್ತಿ ಊದುವ ಉದ್ದನೆಯ ಹಿತ್ತಾಳೆ ಕಹಳೆ ಮೊದಲು ಅವನ ಅಜ್ಜನದು, ಆಮೇಲೆ ಅಪ್ಪನದು. ಉಳಿದ ತಿಂಗಳುಗಳಲ್ಲಿ ಅವನು ಮೀನುದೋಣಿಯಲ್ಲಿ ಬಲೆ ಎಳೆಯುತ್ತಾನೆ, ಮಾಹಿಯಾ ಎಂಬ ಅಂಜೂರದ ಸಾರಾಯಿ ಕುಡಿಯುತ್ತಾನೆ. ಕಹಳೆಯವನ ನಡತೆ ಶುದ್ಧವಾಗಿರಬೇಕು ಎನ್ನುವುದು ಊರಿನ ನಿಯಮ. ಅವನು ಕುಡಿಯುತ್ತಾನೆ ಎಂದು ಯಾರೂ ಬಾಯಿಬಿಟ್ಟು ಹೇಳದಿರುವವರೆಗೆ ಅವನು ಶುದ್ಧನೇ ಎನ್ನುವುದು ಇನ್ನೊಂದು ನಿಯಮ. ಎರಡನ್ನೂ ಊರು ಒಂದೇ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದೆ.

ಕುಡಿದದ್ದು ಮೈಯಲ್ಲಿ ನಲವತ್ತು ದಿನ ಉಳಿಯುತ್ತದೆ, ಅಲ್ಲಿಯವರೆಗೆ ನಮಾಜೂ ಉಪವಾಸವೂ ಲೆಕ್ಕಕ್ಕಿಲ್ಲ ಎಂದು ನಮ್ಮ ಕಡೆ ಜನ ನಂಬುತ್ತಾರೆ. ಹಾಗಾಗಿ ರಂಜಾನಿಗೆ ನಲವತ್ತು ದಿನ ಮುಂಚೆ ಬಂದರಿನ ಕುಡುಕರೆಲ್ಲ ಒಂದೇ ದಿನ ನಿಲ್ಲಿಸುತ್ತಾರೆ. ಇವತ್ತು ಯಾವ ವಾರ ಎಂದರೆ ತಡವರಿಸುವವರು ರಂಜಾನಿಗೆ ಎರಡು ತಿಂಗಳು ಮುಂಚೆ ಬರುವ ರಜಬ್ ತಿಂಗಳ ಚಂದ್ರನ ವಿಷಯದಲ್ಲಿ ಮಸೀದಿಯವರನ್ನೇ ತಿದ್ದುತ್ತಾರೆ. ಹಿಂದಿನ ಸಂಜೆ ಬಂದರಿನ ಬಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮರುದಿನ ಅದರ ಮಾಲೀಕ ಬಾಗಿಲು ಹಾಕಿ ಗೋಡೆಗೆ ಸುಣ್ಣ ಹೊಡೆಸುತ್ತಾನೆ. ಈ ವರ್ಷ ಆ ದಿನ ಶುಕ್ರವಾರ ಬಿದ್ದಿತ್ತು. ಅಲ್ಲಾಲ್ ಶುಕ್ರವಾರ ನಿಲ್ಲಿಸಿದ, ಶನಿವಾರ ಬಿದ್ದ.

ಅವನನ್ನು ಸೇರಿಸಿಕೊಂಡವಳು ನರ್ಸ್ ಬತೂಲ್. ಬೆಟ್ಟದ ಕಡೆಯವಳು, ಬಂದರಿಗೆ ಬಂದು ಎರಡು ವರ್ಷವಾಗಿತ್ತು. ಶನಿವಾರ ಮಧ್ಯಾಹ್ನ ಮಂಚದ ಸುತ್ತ ಹೆಂಡತಿ, ಇಬ್ಬರು ಭಾವಮೈದುನರು, ನಾಲ್ವರು ದೋಣಿಯವರು ನಿಂತಿದ್ದರು. ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಇದೆಯೇ, ಯಾವ ಔಷಧಿ ಒಗ್ಗುವುದಿಲ್ಲ ಎಂದು ಕೇಳಿ, ಅದೇ ಉಸಿರಿನಲ್ಲಿ, ಅಷ್ಟೂ ಜನರ ಎದುರಿಗೆ, ಕುಡಿಯುವ ಅಭ್ಯಾಸ ಇದೆಯೇ ಎಂದೂ ಕೇಳಿಬಿಟ್ಟಳು.

“ನಾನು ಕಹಳೆಯವನು,” ಎಂದಿದ್ದ ಅಲ್ಲಾಲ್.

ಭಾವಮೈದುನರು ನೆಲ ನೋಡಿದರು. ದೋಣಿಯವರು ಸೂರು ನೋಡಿದರು. ಬತೂಲ್ ‘ಇಲ್ಲ’ ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದಳು. ಸಂಸಾರದ ಮುಂದೆ ಕೇಳಿದ ಆ ಪ್ರಶ್ನೆಗೆ ಬರುವ ಉತ್ತರ ಉತ್ತರವೇ ಅಲ್ಲ ಎನ್ನುವುದು ಅವಳಿಗೆ ಗೊತ್ತಿರದ ವಿಷಯವಲ್ಲ. ಆದರೆ ಆವತ್ತು ಎಕ್ಸ್-ರೇ ಯಂತ್ರ ಕೆಟ್ಟಿತ್ತು, ಅವಳಿಗೆ ಹಸಿವಾಗಿತ್ತು, ಸಾಲಿನಲ್ಲಿ ಇನ್ನೂ ಮೂರು ಮುರಿದ ಮೂಳೆಗಳಿದ್ದವು. ಭಾನುವಾರ ಅವನು ನಿದ್ದೆ ಮಾಡಲಿಲ್ಲ, ಬೆವರಿದ, ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿದ. ನೋವಿಗೆ ಹಾಗಾಗುತ್ತದೆ ಎಂದು ಎಲ್ಲರೂ ಅಂದುಕೊಂಡರು. ಬತೂಲಳೂ ಹಾಗೆಯೇ ಅಂದುಕೊಂಡು, ನೋವಿನ ಮಾತ್ರೆ ಒಂದು ಹೆಚ್ಚು ಕೊಟ್ಟಳು.

ಈಗ ಅವಳು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ನಾಡಿ ಹಿಡಿದರೆ ಓಡುತ್ತಿತ್ತು. ಹಣೆ ಸುಡುತ್ತಿತ್ತು. ಕಿಟಕಿಯ ಪರದೆಯ ನೆರಳು ಗೋಡೆಯ ಮೇಲೆ ಅಲ್ಲಾಡಿದಾಗಲೆಲ್ಲ ಅವನು ಬೆಚ್ಚಿ ಹಿಂದಕ್ಕೆ ಸರಿಯುತ್ತಿದ್ದ. ಅವಳು ಪರದೆಯನ್ನು ಪೂರ್ತಿ ಸರಿಸಿ ಬೆಳಕು ಬಿಟ್ಟಳು, ಹಿರಿಯರನ್ನು ಕರೆಯುವ ಹಾಗೆ ಹೆಸರಿಗೆ ಸೀ ಸೇರಿಸಿ ಕರೆದಳು.

“ಸೀ ಅಲ್ಲಾಲ್, ನಾನು ಬತೂಲ್. ಇದು ಆಸ್ಪತ್ರೆ. ನಿಮ್ಮ ಕಾಲು ಮುರಿದಿದೆ, ಅದಕ್ಕೇ ಇಲ್ಲಿದ್ದೀರ.”

“ಮೀನು ಹಾಳಾಗ್ತಾ ಇದೆ, ಮಗಳೇ.”

“ನನಗೆ ಮೀನು ಕಾಣ್ತಾ ಇಲ್ಲ. ನಿಮಗೆ ಕಾಣ್ತಿದೆ ಅಂತ ನಂಬ್ತೀನಿ. ಹೆದರ್ಕೋಬೇಡಿ, ನಾನು ಇಲ್ಲೇ ಇರ್ತೀನಿ.”

ವಾರ್ಡಿನ ಸಹಾಯಕ ಹಾಸಿಗೆಯ ಬಟ್ಟೆ ಹರಿದು ಕೈಕಾಲು ಕಟ್ಟೋಣವೇ ಎಂದು ಕೇಳಿದ. ಬತೂಲ್ ಬೇಡವೆಂದಳು. ಹೆದರಿದ ಮನುಷ್ಯನನ್ನು ಕಟ್ಟಿದರೆ ಅವನಿಗೆ ಹೆದರಲು ಒಂದು ನಿಜವಾದ ಕಾರಣ ಸಿಗುತ್ತದೆ, ಅಷ್ಟೇ. ಡಾಕ್ಟರನ್ನು ಕರೆತರಲು ಅವನನ್ನು ಓಡಿಸಿದಳು.

ಡಾಕ್ಟರ್ ಇಬ್ತಿಸಾಮ್ ಬಂದು ಎದೆ ಬಡಿತ ಕೇಳಿದಳು, ಕಂಕುಳಲ್ಲಿ ಕೆಂಪು ಚುಕ್ಕೆ ಇದೆಯೇ ನೋಡಿದಳು, ಕಣ್ಣಿಗೆ ಟಾರ್ಚ್ ಬಿಟ್ಟಳು, ತಲೆಯನ್ನು ಬೆರಳಿನಿಂದ ತಡವಿದಳು. ಆಮೇಲೆ ಬತೂಲಳನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಿದ್ದಾಗ ತಲೆಯೊಳಗೆ ರಕ್ತ ಸೋರಿರಬಹುದು. ಮುರಿದ ಮೂಳೆಯ ಕೊಬ್ಬು ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಹೋಗಿರಬಹುದು, ಆಗ ಮೈಮೇಲೆ ಕೆಂಪು ಚುಕ್ಕೆ ಏಳುತ್ತದೆ. ಅಥವಾ ದಿನವೂ ಕುಡಿಯುವವನು ಒಮ್ಮೆಲೇ ನಿಲ್ಲಿಸಿದಾಗ ಬರುವ ಸನ್ನಿ ಇರಬಹುದು. ಸನ್ನಿಯಾದರೆ ಶಾಂತಗೊಳಿಸುವ ಇಂಜೆಕ್ಷನ್ನನ್ನು ಧಾರಾಳವಾಗಿ ಕೊಡಬೇಕು. ಮೊದಲಿನ ಎರಡರಲ್ಲಿ ಒಂದಾಗಿದ್ದರೆ ಅದೇ ಇಂಜೆಕ್ಷನ್ ಉಸಿರು ನಿಲ್ಲಿಸಬಹುದು. ತಲೆಯ ಸ್ಕ್ಯಾನ್ ಇರುವುದು ದೊಡ್ಡ ಊರಿನಲ್ಲಿ. ಆಂಬುಲೆನ್ಸಿನಲ್ಲಿ ಎರಡು ಗಂಟೆಯ ದಾರಿ.

“ಉಸಿರು ಚೆನ್ನಾಗಿದೆ, ಚುಕ್ಕೆ ಇಲ್ಲ, ತಲೆಗೆ ಪೆಟ್ಟಿಲ್ಲ,” ಎಂದಳು ಡಾಕ್ಟರ್. “ನನಗೂ ಕುಡಿತ ಅಂತಾನೇ ಅನ್ನಿಸ್ತಿದೆ. ಆದ್ರೆ ಇಲ್ಲಿ ‘ಇಲ್ಲ’ ಅಂತ ಬರೆದಿದೆ.”

“ಬರೆದೋಳು ನಾನೇ.”

“ಹಾಗಾದ್ರೆ ನೀನೇ ಕೇಳ್ಕೊಂಡು ಬಾ. ಕುಡೀತಾನಾ, ಎಷ್ಟು, ಕೊನೇ ಸಲ ಯಾವಾಗ. ನಾನು ಆಂಬುಲೆನ್ಸಿಗೂ ಹೇಳಿರ್ತೀನಿ. ದಾರೀಲಿ ಫಿಟ್ಸ್ ಬಂದ್ರೆ ಮಾತ್ರ ನಮ್ಮ ಕೈಲಿ ಏನೂ ಇಲ್ಲ.”

ಹೆಂಡತಿ ತಾಮು, ಊರಿನವರು ಮರ್ಯಾದೆಗೆ ಲಲ್ಲಾ ಎನ್ನುವವಳು, ವರಾಂಡದಲ್ಲಿ ಕೂತಿದ್ದಳು. ಅವಳ ಪ್ರಕಾರ ಏನಾಗಿದೆ ಎನ್ನುವುದು ಸ್ಪಷ್ಟವಿತ್ತು. ಏಣಿಯ ಕೆಳಗೆ, ಮೀನು ತೊಳೆದ ನೀರು ನಿಲ್ಲುವ ಕಡೆ, ಜಿನ್ ಇರುತ್ತವೆ. ಗಂಡ ಯಾವುದೋ ಜಿನ್ನಿನ ಮಗುವಿನ ಮೇಲೆ ಬಿದ್ದಿದ್ದಾನೆ, ತಾಯಿಗೆ ಸಿಟ್ಟು ಬಂದಿದೆ. ಅದಕ್ಕಾಗಿ ಅವಳು ಆಗಲೇ ಕುರಾನ್ ಓದಿಸಲು ಫಕೀಹ್ ತಿಬಾರಿಗೆ ಹೇಳಿ ಕಳುಹಿಸಿದ್ದಳು. ಫಕೀಹ್ ತಿಬಾರಿ ಹಳೇ ಊರಿನ ಮಸೀದಿಯ ಇಮಾಮ. ಕಹಳೆ ಯಾರ ಕೈಯಲ್ಲಿ ಇರಬೇಕು ಎಂದು ಪ್ರತಿ ವರ್ಷ ತೀರ್ಮಾನಿಸುವವರೂ ಅವರೇ. ಯಾರಿಗೆ ಗೊತ್ತಾಗಬಾರದೋ ಅವರನ್ನೇ ಅವಳು ಮಂಚದ ಬುಡಕ್ಕೆ ಕರೆಸಿಕೊಂಡಿದ್ದಳು.

ಬತೂಲ್ ಅವಳನ್ನು ಬಟ್ಟೆ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಒಗೆದು ತಂದ ಹೊದಿಕೆಗಳ ರಾಶಿಯಿತ್ತು. ಒಂದರ ಎರಡು ತುದಿಯನ್ನು ತಾಮುವಿನ ಕೈಗೆ ಕೊಟ್ಟು, ಇನ್ನೆರಡನ್ನು ತಾನು ಹಿಡಿದಳು. ಕೈಗೆ ಕೆಲಸ ಇದ್ದಾಗ ಬಾಯಿ ಸಲೀಸಾಗಿ ತೆರೆಯುತ್ತದೆ, ಮುಖ ನೋಡಬೇಕಾದ ಕಷ್ಟವೂ ಇರುವುದಿಲ್ಲ.

ಮೊದಲು ಅವಳು ನೇರವಾಗಿಯೇ ಹೊರಟಳು. ಇಲ್ಲಿ ಹೇಳಿದ್ದು ಈ ಗೋಡೆ ದಾಟುವುದಿಲ್ಲ, ಔಷಧಿಗೆ ಬೇಕಾಗಿ ಕೇಳುತ್ತಿದ್ದೇನೆ ಎಂದಳು. ತಾಮು ಹೊದಿಕೆಯನ್ನು ಜಗ್ಗಿದಳು. ತನ್ನ ಗಂಡ ಅದರ ವಾಸನೆ ಬಂದ ಓಣಿಯಲ್ಲೂ ನಡೆಯುವವನಲ್ಲ ಎಂದಳು. ಅವನ ಅಪ್ಪ ನಡೆಯುತ್ತಿರಲಿಲ್ಲ, ಅಜ್ಜನೂ ನಡೆಯುತ್ತಿರಲಿಲ್ಲ ಎಂದಳು. ಬೆಟ್ಟದವರಿಗೆ ಬಂದರಿನ ಮರ್ಯಾದೆ ಗೊತ್ತಾಗುವುದಿಲ್ಲ ಎಂದೂ ಸೇರಿಸಿದಳು.

ಎರಡನೇ ಹೊದಿಕೆಯೂ ಮಡಿಸಿದ್ದಾಯಿತು. ಮೂರನೆಯದನ್ನು ಕೊಡವುವಾಗ ಬತೂಲ್ ದಾರಿ ಬದಲಿಸಿದಳು.

“ಅವ್ರು ಕಹಳೆ ಊದೋರು ಅಂದ್ರೆ ರಂಜಾನಿಗೆ ಎಲ್ಲರಿಗಿಂತ ಮುಂಚೆ ತಯಾರಾಗಬೇಕಲ್ವಾ, ಲಲ್ಲಾ?”

“ಆಗದೆ ಇರ್ತಾರಾ? ಬಾಯಿ ಶುದ್ಧ ಇರ್ಬೇಕು.”

“ಈ ವರ್ಷ ಯಾವಾಗಿಂದ ಶುರು ಮಾಡಿದ್ರು?”

“ಶುಕ್ರವಾರದಿಂದ. ಸರಿಯಾಗಿ ನಲವತ್ತು. ಮದ್ವೆಯಾದಾಗಿಂದ ಒಂದು ವರ್ಷಾನೂ ಒಂದು ದಿನ ತಡ ಮಾಡಿದೋರಲ್ಲ. ಆ ಹಮ್ಮಾದಿ ಇದ್ದಾನಲ್ಲ, ಅವ್ನು ಒಂದ್ಸಲ ಮೂವತ್ತೆಂಟಕ್ಕೆ ನಿಲ್ಲಿಸ್ದ. ನಮ್ಮವರು ಯಾವತ್ತೂ ಇಲ್ಲ.”

ತಾಮುವಿನ ಕೈ ಹೊದಿಕೆಯ ಮೇಲೆ ನಿಂತಿತು. ಬತೂಲ್ ನಾಲ್ಕನೆಯ ಹೊದಿಕೆಯ ತುದಿ ಹುಡುಕುತ್ತಿದ್ದಳು, ತಲೆ ಎತ್ತಲಿಲ್ಲ.

“ನಾನು ಏನೂ ಹೇಳ್ಲಿಲ್ಲ,” ಎಂದಳು ತಾಮು.

“ಇಲ್ಲ, ಲಲ್ಲಾ. ರಂಜಾನ್ ವಿಷ್ಯ ಮಾತಾಡಿದ್ವಿ.”

“ಕಹಳೆ ಹೋದ್ರೆ ಅವ್ರು ಬದುಕಿದ್ದೂ ಸತ್ತ ಹಾಗೆ, ಮಗಳೇ.”

“ಇವತ್ತು ಔಷಧಿ ಹೋಗ್ಲಿಲ್ಲ ಅಂದ್ರೆ ಸತ್ತೇ ಹೋಗ್ಬಹುದು. ಹೋದ ವರ್ಷ ನಿಲ್ಲಿಸಿದಾಗ ಹೇಗಿದ್ರು?”

ತಾಮು ಹೊದಿಕೆಯನ್ನು ಎದೆಗೆ ಅವುಚಿಕೊಂಡು ಹೇಳಿದಳು. ಹೋದ ವರ್ಷ ಎರಡು ದಿನ ನಡುಕ ಇತ್ತು, ವಾಂತಿ ಇತ್ತು, ಗೋಡೆಯಲ್ಲಿ ಯಾರೋ ಮಾತಾಡುತ್ತಾರೆ ಎನ್ನುತ್ತಿದ್ದರು. ಅದರ ಹಿಂದಿನ ವರ್ಷ ಬರೀ ನಡುಕ. ಅದಕ್ಕೂ ಹಿಂದೆ ಬರೀ ಸಿಡುಕು. ಪಾಪ ಹೊರಗೆ ಬರುತ್ತಿದೆ ಎಂದುಕೊಂಡು ಅವಳು ಪ್ರತಿ ವರ್ಷ ಬಾಗಿಲು ಹಾಕಿ ಸೂಪು ಕುಡಿಸುತ್ತಿದ್ದಳು. ವರ್ಷ ವರ್ಷ ಪಾಪ ಜಾಸ್ತಿಯಾಗಿದೆ ಎಂದುಕೊಂಡಿದ್ದಳು. ಒಮ್ಮೆಲೇ ನಿಲ್ಲಿಸಿದ ಪ್ರತಿ ಸಲವೂ ಮುಂದಿನ ಸಲವನ್ನು ಕೆಟ್ಟದ್ದು ಮಾಡುತ್ತದೆ ಎಂದು ಬತೂಲ್ ಹೇಳಿದಾಗ ತಾಮುಗೆ ನಂಬಿಕೆ ಬರಲಿಲ್ಲ. ಒಳ್ಳೆಯದನ್ನು ಮಾಡಿ ಯಾರಿಗಾದರೂ ಕಾಯಿಲೆ ಬರುತ್ತದೆಯೇ ಎಂದು ಕೇಳಿದಳು. ಬತೂಲಳ ಹತ್ತಿರ ಉತ್ತರ ಇತ್ತು, ಸಮಯ ಇರಲಿಲ್ಲ.

ಎಷ್ಟು ಎನ್ನುವುದು ತಾಮುಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದು ಗೊತ್ತಿದ್ದವನು ಗೇಟಿನಲ್ಲಿ ಕಾವಲುಗಾರನ ಜೊತೆ ಜಗಳವಾಡುತ್ತಿದ್ದ. ಹಮ್ಮಾದಿ, ಅದೇ ದೋಣಿಯವನು, ಮೂವತ್ತೆಂಟಕ್ಕೆ ನಿಲ್ಲಿಸಿದವನು. ಅವನ ಕೈಯಲ್ಲಿ ಸೂಪಿನ ಥರ್ಮಾಸ್ ಇತ್ತು. ಕಾವಲುಗಾರ ಮುಚ್ಚಳ ತೆಗೆದು ಮೂಸಿ, ಇದು ಯಾವ ಸೀಮೆ ಸೂಪು ಎಂದು ಕೇಳುತ್ತಿದ್ದ. ಅದರಲ್ಲಿದ್ದದ್ದು ಮಾಹಿಯಾ.

ಬತೂಲ್ ಥರ್ಮಾಸನ್ನೂ ಹಮ್ಮಾದಿಯನ್ನೂ ಮರದ ಬುಡಕ್ಕೆ ಕರೆದುಕೊಂಡು ಹೋದಳು. ಅವನು ಕದ್ದುಮುಚ್ಚಿ ಮಾತಾಡಲಿಲ್ಲ. ನಿನ್ನೆಯೂ ತಂದಿದ್ದೆ ಎಂದ. ಅಲ್ಲಾಲ್ ಮುಚ್ಚಳವನ್ನೂ ತೆಗೆಯದೆ ವಾಪಸು ಕೊಟ್ಟನಂತೆ. ನಲವತ್ತು ಕೆಡಿಸಿಕೊಂಡು ಅಪ್ಪನ ಕಹಳೆಗೆ ಬಾಯಿ ಹಚ್ಚುವುದಕ್ಕಿಂತ ಇನ್ನೊಂದು ಕಾಲು ಮುರಿದುಕೊಳ್ಳುತ್ತೇನೆ ಎಂದನಂತೆ.

“ಅವ್ನಿಗೆ ಏನಾಗಿದೆ ಅಂತ ನಂಗೊತ್ತು, ತಂಗಿ. ಒಂದು ಲೋಟ ಒಳಗೆ ಹೋದ್ರೆ ಸರಿ ಹೋಗ್ತಾನೆ.”

“ರೋಗ ಸರಿಯಾಗೇ ಹಿಡಿದಿದ್ದೀರ, ಔಷಧಿ ಮಾತ್ರ ತಪ್ಪು. ದಿನಕ್ಕೆ ಎಷ್ಟು?”

“ಒಂದು ಬಾಟ್ಲಿ. ಸಮುದ್ರ ಕೆಟ್ಟಿದ್ದ ದಿನ ಒಂದೂವರೆ. ಗುರುವಾರ ಎರಡು ಆಯ್ತು, ಕೊನೇ ದಿನ ಅಲ್ವಾ. ಎರಡ್ನೇದ್ರಲ್ಲಿ ಸ್ವಲ್ಪ ಉಳೀತು, ನಂಗೆ ಕೊಟ್ಟ.”

ತನ್ನ ಕುಡಿತ ಕೇಳಿದರೆ ಮನುಷ್ಯ ಅರ್ಧ ಹೇಳುತ್ತಾನೆ. ಸ್ನೇಹಿತನದು ಕೇಳಿದರೆ ಒಂದು ತೊಟ್ಟೂ ಬಿಡುವುದಿಲ್ಲ. ಬತೂಲ್ ಥರ್ಮಾಸನ್ನು ಮರದ ಬುಡಕ್ಕೆ ಸುರಿದಳು. ಹಮ್ಮಾದಿ ಕಣ್ಣು ಮುಚ್ಚಿಕೊಂಡ. ಖಾಲಿ ಥರ್ಮಾಸ್ ವಾಪಸು ಕೊಟ್ಟಾಗ ಅದರ ಮುಚ್ಚಳ ಅವನ ಕೈಯಲ್ಲಿ ಕಟಕಟ ಎಂದಿತು.

“ನೀವು ಯಾವಾಗ ನಿಲ್ಲಿಸಿದ್ದು?”

“ಈ ಸಲ ನಾನೂ ಸರಿಯಾಗಿ ನಲವತ್ತಕ್ಕೆ,” ಎಂದ ಹಮ್ಮಾದಿ ಹೆಮ್ಮೆಯಿಂದ.

ಅವನ ಎರಡೂ ಕೈ ಚಾಚಿಸಿ ನೋಡಿ, ಮನೆಗೆ ಹೋಗಬೇಡಿ, ಇಲ್ಲೇ ಬೆಂಚಿನ ಮೇಲೆ ಕೂತಿರಿ, ಡಾಕ್ಟರ್ ನಿಮ್ಮನ್ನೂ ನೋಡಬೇಕು ಎಂದು ಹೇಳಿ ಅವಳು ಒಳಗೆ ಓಡಿದಳು.

ಡಾಕ್ಟರ್ ಇಬ್ತಿಸಾಮ್ ಕೇಳಿಸಿಕೊಂಡು ಆಂಬುಲೆನ್ಸ್ ಬೇಡವೆಂದಳು. ಮೊದಲು ವಿಟಮಿನ್ ಬಿ-ಒಂದು, ಆಮೇಲೆ ಗ್ಲೂಕೋಸ್, ಅದರ ಜೊತೆಗೆ ಶಾಂತಗೊಳಿಸುವ ಇಂಜೆಕ್ಷನ್. ಉಸಿರಿನ ಮೇಲೆ ಕಣ್ಣಿಡುವುದು. ಗ್ಲೂಕೋಸ್ ಮೊದಲು ಹೋದರೆ ಆ ವಿಟಮಿನ್ ಇಲ್ಲದೆ ಒಣಗಿದ ಮೆದುಳಿಗೆ ಅದೇ ಪೆಟ್ಟಾಗುತ್ತದೆ. ಬತೂಲ್ ಟ್ರೇ ಸಜ್ಜು ಮಾಡಿಕೊಂಡು ವಾರ್ಡಿಗೆ ಬಂದಳು. ಬಾಗಿಲಲ್ಲಿ ಫಕೀಹ್ ತಿಬಾರಿ ನಿಂತಿದ್ದರು, ಕೈಯಲ್ಲಿ ಗುಲಾಬಿ ನೀರಿನ ಸೀಸೆ, ಕಂಕುಳಲ್ಲಿ ರೋಗಿಗೆಂದು ತಂದ ನೀಲಿ ಕಾಗದ ಸುತ್ತಿದ ಸಕ್ಕರೆ ಅಚ್ಚು.

“ಏನಾಗಿದೆ ನಮ್ಮ ಅಲ್ಲಾಲನಿಗೆ?”

“ಕಾಲು ಮುರಿದಿದೆ, ಫಕೀಹ್.”

“ಅದು ಗೊತ್ತು. ಕೈ ಯಾಕೆ ಹಾಗೆ ನಡುಗ್ತಿದೆ?”

“ಕಾಲು ಮುರಿದಿದೆ.”

“ಮೀನು ಮೀನು ಅಂತಿದ್ದಾನಂತೆ.”

“ಮೀನು ಹಿಡಿಯೋರಲ್ವಾ, ಫಕೀಹ್. ಕಾಲು ಮುರಿದಿದೆ. ಸ್ವಲ್ಪ ಹೊರಗೆ ಕೂತಿರಿ.”

ಫಕೀಹ್ ಕೂರುವ ಅಂದಾಜಿನಲ್ಲಿದ್ದರು. ಆದರೆ ಟ್ರೇಯ ಮೇಲಿನ ಸಿರಿಂಜ್ ಅಲ್ಲಾಲನ ಕಣ್ಣಿಗೆ ಬಿತ್ತು. ಅವನು ಮುರಿದ ಕಾಲನ್ನೇ ಊರಿ ಏಳಲು ಹೋದ. ಸಹಾಯಕ ಭುಜ ಹಿಡಿದ, ಅಲ್ಲಾಲ್ ಅವನನ್ನು ಬಲೆಯ ಹಗ್ಗ ಎಳೆಯುವ ಜೋರಿನಲ್ಲಿ ತಳ್ಳಿದ. ಲಾರಿ ಡ್ರೈವರ್ ತನ್ನ ಎರಡೂ ಪಟ್ಟಿ ಕೈಗಳನ್ನು ಮೇಲೆತ್ತಿ, ನನ್ನಿಂದ ಏನೂ ಆಗುವುದಿಲ್ಲ ಎಂದು ಎಲ್ಲರಿಗೂ ತಿಳಿಸಿದ. ಅಷ್ಟರಲ್ಲಿ ಅಲ್ಲಾಲ್ ಬಾಗಿಲಲ್ಲಿದ್ದ ಬಿಳಿ ಜಲಾಬಾ ನಿಲುವಂಗಿಯನ್ನು ಗುರುತು ಹಿಡಿದ. ಆ ಸನ್ನಿಯಲ್ಲಿ ಅವನಿಗೆ ಸರಿಯಾಗಿ ಕಂಡ ಮನುಷ್ಯ ಅವರೊಬ್ಬರೇ.

“ಫಕೀಹ್, ಇವಳು ಕೊಡೋದು ತಗೊಂಡ್ರೆ ನನ್ನ ನಲವತ್ತು ಕೆಡುತ್ತಾ? ಶುಕ್ರವಾರದಿಂದ ಒಂದು ತೊಟ್ಟು ಮುಟ್ಟಿಲ್ಲ. ಉಳಿದಿದ್ದನ್ನೂ ಹಮ್ಮಾದಿಗೆ ಕೊಟ್ಟುಬಿಟ್ಟೆ. ಕಹಳೆ ಮೇಲಾಣೆ.”

ಎಂಟು ಹಾಸಿಗೆಯ ವಾರ್ಡಿನಲ್ಲಿ ಉಳಿದ ಏಳೂ ಜನ ಸೂರು ನೋಡಿದರು. ತಾಮು ಗೋಡೆಯ ಕಡೆ ತಿರುಗಿ ಮುಖ ಮುಚ್ಚಿಕೊಂಡಳು. ಮೂವತ್ತು ವರ್ಷ ಇಡೀ ಊರು ಸೇರಿ ಹೇಳದೆ ಕಾಪಾಡಿಕೊಂಡದ್ದನ್ನು, ಹೇಳಬಾರದ ಒಬ್ಬರಿಗೆ, ಅವನೇ ಹೇಳಿ ಮುಗಿಸಿದ್ದ.

ಫಕೀಹ್ ಸಕ್ಕರೆ ಅಚ್ಚನ್ನು ಕಿಟಕಿಯ ಮೇಲಿಟ್ಟರು. ಗುಲಾಬಿ ನೀರಿನ ಸೀಸೆಗೆ ಬಿರಡೆ ಹಾಕಿದರು. ಆ ಟ್ರೇಯಲ್ಲಿ ಏನಿದೆ ಎಂದು ಬತೂಲಳನ್ನು ಕೇಳಿದರು. ಅವಳು ತಾಮುವಿನ ಕಡೆ ನೋಡಿದಳು. ತಾಮು ಗೋಡೆಗೆ ಮುಖ ಮಾಡಿಕೊಂಡೇ, ಹೇಳು ಎನ್ನುವಂತೆ ತಲೆ ಆಡಿಸಿದಳು. ಒಂದು ವಿಟಮಿನ್, ಒಂದು ನರ ಶಾಂತ ಮಾಡುವ ಔಷಧಿ ಎಂದಳು ಬತೂಲ್. ಕೊಡದಿದ್ದರೆ ಎಂದು ಫಕೀಹ್ ಕೇಳಿದರು. ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು ಎಂದಳು.

ಫಕೀಹ್ ಮಂಚದ ಹತ್ತಿರ ಹೋಗಿ ಅಲ್ಲಾಲನ ಒದ್ದೆ ತಲೆಯ ಮೇಲೆ ಕೈಯಿಟ್ಟರು.

“ಔಷಧಿಯಿಂದ ನಲವತ್ತು ಕೆಡಲ್ಲ, ಅಲ್ಲಾಲ್. ತಗೊಳ್ಳದೆ ಸತ್ತೆ ಅನ್ನು, ಆಗ ನಲವತ್ತನೇ ದಿನ ನಿಮ್ಮನೇಲಿ ನಿನ್ನ ಹೆಸರಿನ ಊಟ ಅಂತ ಕುಸ್ಕುಸ್ ಮಾಡಿ ನಮಗೆಲ್ಲ ಬಡಿಸ್ತಾರೆ. ಅದು ಬೇರೆ ನಲವತ್ತು. ನಿಂಗೆ ಯಾವುದು ಬೇಕು ನೋಡ್ಕೋ.”

ಅಲ್ಲಾಲ್ ಯೋಚಿಸಿದ. ಅವನ ತೋಳು ಸಡಿಲವಾಯಿತು. ಬತೂಲ್ ರಕ್ತನಾಳ ಹುಡುಕಿದಳು.

ಅರ್ಧ ಗಂಟೆಯಲ್ಲಿ ಅವನು ಮೀನು ಹೆಕ್ಕುವುದನ್ನು ನಿಲ್ಲಿಸಿದ. ಮಧ್ಯಾಹ್ನದ ಹೊತ್ತಿಗೆ ಗೊರಕೆ ಶುರುವಾಯಿತು. ಬತೂಲ್ ಪಕ್ಕದಲ್ಲೇ ಕೂತು ಉಸಿರು ಎಣಿಸುತ್ತಿದ್ದಳು. ಗೊರಕೆ ಇದ್ದುದರಿಂದ ಕೆಲಸ ಹಗುರವಾಯಿತು. ಫಕೀಹ್ ಹೊರಡುವಾಗ ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡಿದರು.

“ಏನಾಗಿದೆ ಅಂದೆ, ಮಗಳೇ?”

“ಕಾಲು ಮುರಿದಿದೆ, ಫಕೀಹ್.”

“ನನಗೂ ಹಾಗೇ ಕಾಣುತ್ತೆ,” ಎಂದು ಅವರು ಹೋದರು.

ಕಹಳೆಯ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ತಾಮು ಅದನ್ನು ಕೆಟ್ಟ ಸೂಚನೆ ಎಂದುಕೊಂಡಳು. ಸಕ್ಕರೆ ಅಚ್ಚನ್ನು ಮನೆಗೆ ಒಯ್ಯದೆ ನರ್ಸುಗಳಿಗೆ ಕೊಟ್ಟಳು. ಹಮ್ಮಾದಿಯನ್ನು ಡಾಕ್ಟರ್ ನೋಡಿ, ಅವನದು ಮಾತ್ರೆಯಲ್ಲಿ ಮುಗಿಯುವ ನಡುಕ ಎಂದಳು. ಅವನು ದಿನವೂ ಬಂದು ಬತೂಲಳ ಎದುರಿಗೆ ಮಾತ್ರೆ ನುಂಗಿ, ನೀರು ಕುಡಿದು, ಬಾಯಿ ತೆರೆದು ತೋರಿಸಿ ಹೋಗುತ್ತಿದ್ದ.

ಅಲ್ಲಾಲನ ತಲೆ ತಿಳಿಯಾದದ್ದು ಗುರುವಾರ. ಸನ್ನಿಯಲ್ಲಿ ಅವನು ಏನು ಹೇಳಿದ್ದ ಎನ್ನುವುದನ್ನು ಲಾರಿ ಡ್ರೈವರ್ ಅವನಿಗೆ ಆಗಲೇ ತಿಳಿಸಿದ್ದ. ಬತೂಲ್ ಗಾಲಿಕುರ್ಚಿಯಲ್ಲಿ ಅವನನ್ನು ಅಂಗಳದ ಮರದ ಬುಡಕ್ಕೆ ತಂದಳು. ಅಲ್ಲಿ ಯಾರೂ ಇರಲಿಲ್ಲ. ಶನಿವಾರ ನಾನು ಕೇಳಿದ ರೀತಿ ಸರಿಯಿರಲಿಲ್ಲ ಎಂದು ಅವಳು ಶುರುಮಾಡಿದಳು. ಈಗ ಕೇಳುತ್ತೇನೆ, ಬೇಕಾದರೆ ಉತ್ತರ ಕೊಡಿ ಎಂದಳು. ಅವನು ಎಷ್ಟು, ಯಾವಾಗಿನಿಂದ, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯೇ ಎನ್ನುವುದನ್ನೆಲ್ಲ ಹೇಳಿದ. ಹಮ್ಮಾದಿ ಹೇಳಿದ್ದಕ್ಕಿಂತ ಅರ್ಧ ಬಾಟಲಿ ಕಡಿಮೆ ಹೇಳಿದ. ಅವಳು ತಿದ್ದಲಿಲ್ಲ.

“ಇನ್ನು ಬಿಟ್ಟುಬಿಡಿ ಅಂತ ನೀನು ಭಾಷಣ ಮಾಡ್ಬೇಕಲ್ವಾ?”

“ನಿಮಗಾ? ಪ್ರತಿ ವರ್ಷ ಬಿಡ್ತೀರ. ಬಿಡೋದ್ರಲ್ಲಿ ಈ ಬಂದರಲ್ಲಿ ನಿಮ್ಮಷ್ಟು ಅನುಭವ ಯಾರಿಗೂ ಇಲ್ಲ, ಸೀ ಅಲ್ಲಾಲ್. ನಾನು ಕೇಳೋದು ಒಂದೇ. ಹಬ್ಬದ ಮಾರನೇ ದಿನ ಏನು ಮಾಡ್ತೀರ?”

ಅವನು ಪಟ್ಟಿ ಹಾಕಿದ ಕಾಲನ್ನು ನೇರ ಮಾಡಿಕೊಂಡ. ಹಬ್ಬದ ಮಾರನೇ ದಿನ ಬಾರಿನ ಬಾಗಿಲು ತೆರೆಯುತ್ತದೆ, ಹೊಸ ಸುಣ್ಣದ ವಾಸನೆ ಬರುತ್ತಿರುತ್ತದೆ ಎಂದ. ಮೊದಲ ಲೋಟ ಮಾಲೀಕನ ಲೆಕ್ಕದಲ್ಲಿ. ಅದನ್ನು ಬೇಡ ಅನ್ನುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬತೂಲ್, ಆವತ್ತು ಬೆಳಿಗ್ಗೆ ನನಗೆ ಡ್ಯೂಟಿ ಇರುತ್ತದೆ, ಬಾರಿಗೆ ಹೋಗುವ ಮುಂಚೆ ಇಲ್ಲಿಗೆ ಬನ್ನಿ, ಚಹಾ ಕುಡಿಯೋಣ, ಆಮೇಲೆ ಹೋಗಬೇಕೋ ಬೇಡವೋ ನೋಡಿ ಎಂದಳು. ಇನ್ನೊಂದು ಮಾತನ್ನೂ ಸೇರಿಸಿದಳು. ಮತ್ತೆ ಶುರುವಾದರೂ ಮುಂದಿನ ರಜಬ್‌ನಲ್ಲಿ ಒಂದೇ ದಿನ ನಿಲ್ಲಿಸಬಾರದು. ಮೊದಲು ಆಸ್ಪತ್ರೆಗೆ ಬರಬೇಕು. ಇಲ್ಲಿ ಮಾತ್ರೆ ಕೊಟ್ಟು ಮೆಲ್ಲಗೆ ಇಳಿಸುತ್ತಾರೆ.

“ಬಂದು ಏನಂತ ಹೇಳ್ಲಿ ಗೇಟಲ್ಲಿ? ಆ ಕಾವಲುಗಾರ ನಮ್ಮ ಓಣಿಯೋನು.”

“ಮೊಣಕಾಲು ನೋವು ಅನ್ನಿ.”

ರಂಜಾನಿಗೆ ಒಂದು ವಾರ ಇರುವಾಗ ಫಕೀಹ್ ತಿಬಾರಿ ಮನೆಗೆ ಬಂದರು. ತಾಮು ಗೋಡೆಯಿಂದ ಕಹಳೆ ಇಳಿಸಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ ಒಪ್ಪಿಸಲು ಸಿದ್ಧವಾಗಿಟ್ಟಿದ್ದಳು. ಫಕೀಹ್ ಚಹಾ ಕುಡಿದರು. ನಲವತ್ತು ಹೇಗೆ ನಡೆಯುತ್ತಿದೆ ಎಂದು ಕೇಳಲಿಲ್ಲ. ಕೂತುಕೊಂಡು ಊದಲು ಆಗುತ್ತದೆಯೇ ಎಂದು ಮಾತ್ರ ಕೇಳಿದರು. ಆಗುತ್ತದೆ, ಆದರೆ ಓಣಿ ಸುತ್ತುವುದು ಹೇಗೆ ಎಂದ ಅಲ್ಲಾಲ್. ಅದಕ್ಕೆ ಮೀನಿನ ಕೈಗಾಡಿ ಇದೆಯಲ್ಲ ಎಂದರು ಫಕೀಹ್, ಹಮ್ಮಾದಿಗೆ ಬೇರೆ ಕೆಲಸವೂ ಇಲ್ಲ.

ಮೊದಲ ಉಪವಾಸದ ಜಾವ ಹಳೇ ಊರಿನ ಜನ ಎದ್ದದ್ದು ಕಹಳೆಗಲ್ಲ, ಕಲ್ಲುಹಾಸಿನ ಮೇಲೆ ಬಂದ ಗಾಡಿಯ ಸದ್ದಿಗೆ. ಕಹಳೆ ಆಮೇಲೆ ಬಂತು. ಗಾಡಿಯಲ್ಲಿ ಪಟ್ಟಿ ಹಾಕಿದ ಕಾಲನ್ನು ಮುಂದೆ ಚಾಚಿ ಅಲ್ಲಾಲ್ ಊದುತ್ತಿದ್ದ; ಏರಿನಲ್ಲಿ ಹಮ್ಮಾದಿ ಬೈಯುತ್ತಾ ತಳ್ಳುತ್ತಿದ್ದ. ಮೀನಿನ ವಾಸನೆಗೆ ಓಣಿಯ ಬೆಕ್ಕುಗಳೆಲ್ಲ ಹಿಂದೆ ಬಿದ್ದಿದ್ದವು. ಕಹಳೆಯವನು ಗಾಡಿಯಲ್ಲಿ ಯಾಕೆ ಎಂದು ಕೇಳಿದವರಿಗೆಲ್ಲ ಫಕೀಹ್, ಕಾಲು ಮುರಿದಿದೆ ಎಂದು ಹೇಳಿದರು.

ಹಬ್ಬದ ಮಾರನೇ ದಿನ ಅಲ್ಲಾಲ್ ಊರುಗೋಲಿನಲ್ಲಿ ಆಸ್ಪತ್ರೆಗೆ ಬಂದು ಚಹಾ ಕುಡಿದ. ಅದರ ಮುಂದಿನ ವಾರವೂ ಬಂದ. ಬೇಸಿಗೆಯಲ್ಲಿ ಎರಡು ವಾರ ಬರಲಿಲ್ಲ. ಬಂದಾಗ ಯಾಕೆ ಬರಲಿಲ್ಲ ಎಂದು ಬತೂಲ್ ಕೇಳಲಿಲ್ಲ, ಕೈ ಚಾಚಿಸಿ ನೋಡಿದಳು. ಬೈಯದೆ ಇದ್ದುದಕ್ಕೆ ಅವನಿಗೆ ಸ್ವಲ್ಪ ಬೇಜಾರಾಯಿತು. ಮತ್ತೆ ಮಾತ್ರೆ ಶುರುವಾಯಿತು, ಮತ್ತೆ ಚಹಾ.

ಮುಂದಿನ ವರ್ಷ ರಜಬ್ ತಿಂಗಳ ಮೊದಲ ಸೋಮವಾರ, ನಲವತ್ತಕ್ಕೆ ಇನ್ನೂ ಎರಡು ವಾರಕ್ಕೂ ಹೆಚ್ಚಿರುವಾಗ, ಬಂದರಿನ ಆರು ಜನ ಗಂಡಸರು ಬೆಳಿಗ್ಗೆ ಆಸ್ಪತ್ರೆಯ ಗೇಟಿಗೆ ಬಂದರು. ಅಲ್ಲಾಲ್ ಮುಂದಿದ್ದ, ಬಾರಿನ ಮಾಲೀಕ ಕೊನೆಯಲ್ಲಿದ್ದ. ಏನು ತೊಂದರೆ ಎಂದು ಕಾವಲುಗಾರ ಕೇಳಿದ. ಆರೂ ಜನ ಮೊಣಕಾಲು ನೋವು ಎಂದರು. ಅವನು ಆರೂ ಜನರನ್ನು ಮೂಳೆ ವಾರ್ಡಿಗೆ ಕಳುಹಿಸಿದ.